ಎಡೆಯಲ್ಲಿಟ್ಟ ಕ್ಲಚ್ ಪ್ಲೇಟುಗಳು

ಅಣ್ಣ ಹೋದ ಮೇಲೆ ಅವನ ರೇಸ್ ಬೈಕು ತಿ. ನರಸೀಪುರದಲ್ಲಿ ಗೆಳೆಯನ ಶೆಡ್ಡಿನಲ್ಲೇ ಉಳಿದಿತ್ತು. ಕಾಮಾಲೆ ಹಿಡಿದು ಮಲಗುವ ಮೊದಲು ಅವನು ಅದನ್ನು ಅಲ್ಲೇ ಬಿಟ್ಟು ಬಂದಿದ್ದ. ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಅತ್ತಿಗೆ, ಅವನಿಗೆ ಮೊದಲ ಎಡೆ ಇಡುವ ದಿನ ಆ ಬೈಕಿನ ಸದ್ದು ಮನೆ ಮುಂದೆ ಕೇಳಬೇಕು ಎಂದರು. ಆವರೆಗೆ ಅವರು ನನ್ನನ್ನು ಏನನ್ನೂ ಕೇಳಿರಲಿಲ್ಲ. ಗೂಡ್ಸ್ ಆಟೋದಲ್ಲಿ ಹೇರಿಕೊಂಡು ನಂಜನಗೂಡಿನ ನಮ್ಮ ಮನೆಗೆ ತಂದೆ.

ಇಂಜಿನ್ ಸ್ಟಾರ್ಟ್ ಆಯಿತು. ಆದರೆ ಕ್ಲಚ್ ಹಿಡಿದೇ ಗೇರ್ ಹಾಕಿದರೂ ಮುಂದಕ್ಕೆ ನೆಗೆದು ಆಫ್ ಆಗುತ್ತಿತ್ತು. ತಿಂಗಳುಗಟ್ಟಲೆ ನಿಂತು ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಾನು ಪಂಪ್‌ಸೆಟ್ ರಿಪೇರಿ ಮಾಡುವವನು. ಬೈಕಿನ ಕೆಲಸ ಅಣ್ಣನ ಪಕ್ಕ ಕೂತು ಕಲಿತದ್ದು. ಆಯಿಲ್ ಇಳಿಸಿ, ಕವರ್ ಬಿಚ್ಚಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಸ್ಪ್ರಿಂಗುಗಳ ಜೊತೆ ವಾಷರುಗಳು ಬಂದವು. ರೇಸಿನಲ್ಲಿ ಹೊರಡುವಾಗ ಕ್ಲಚ್ ಜಾರದಿರಲಿ ಎಂದು ಬಿಗಿ ಹೆಚ್ಚಿಸಲು ಅಣ್ಣನೇ ಹಾಕಿದ್ದವು. ಕಬ್ಬಿಣದ ಪ್ಲೇಟುಗಳು ಕಾದು ನೀಲಿಯಾಗಿದ್ದವು. ನಡುವಿನ ಘರ್ಷಣೆಯ ಪ್ಲೇಟುಗಳು ಸವೆದು ಗಾಜಿನಂತೆ ಹೊಳೆಯುತ್ತಿದ್ದವು. ಮೂಸಿ ನೋಡಿದೆ. ರೇಸಿನಿಂದ ಬಂದ ದಿನ ಅವನ ಅಂಗಿಗಿರುತ್ತಿದ್ದ ಸುಟ್ಟ ವಾಸನೆಯೇ.

ಅಳು ಬರಬೇಕಿತ್ತು. ಬರಲಿಲ್ಲ. ಒಂದೊಂದೇ ಪ್ಲೇಟನ್ನು ಒರೆಸಿ ಸಾಲಾಗಿ ಜೋಡಿಸುತ್ತಿದ್ದಾಗ ಕೈಗೆ ಎಷ್ಟು ಖುಷಿಯಾಗುತ್ತಿತ್ತೆಂದರೆ, ಅವನು ಸತ್ತಿದ್ದಾನೆಂಬುದೇ ಮರೆತುಹೋಗಿತ್ತು. ನೆನಪಾದಾಗ ನಾಚಿಕೆಯಾಯಿತು. ಅಡುಗೆಮನೆಯಲ್ಲಿದ್ದ ಅತ್ತಿಗೆಗೆ ಕೇಳಿರಬಹುದೇ ಎಂದು, ನನಗೇ ಗೊತ್ತಿಲ್ಲದೆ ಹಾಕುತ್ತಿದ್ದ ಶಿಳ್ಳೆ ನಿಲ್ಲಿಸಿದೆ.

ಮೈಸೂರಿನಿಂದ ತಂದಿದ್ದ ಹೊಸ ಪ್ಲೇಟುಗಳನ್ನು ರಾತ್ರಿಯಿಡೀ ನೆನೆಯಲೆಂದು ತಟ್ಟೆಯಲ್ಲಿ ಇಂಜಿನ್ ಆಯಿಲ್ ಹಾಕಿ ಅದರಲ್ಲಿ ಬಿಟ್ಟಿದ್ದೆ. ಅಮಾವಾಸ್ಯೆಯ ಬೆಳಿಗ್ಗೆ ತಟ್ಟೆಯಲ್ಲಿ ಆಯಿಲ್ ಮಾತ್ರ. ಒಳಗೆ ಹೋದರೆ, ಅಣ್ಣನ ಫೋಟೋದ ಮುಂದೆ ಬಾಳೆ ಎಲೆ, ಹೊಸ ಅಂಗಿ, ಅಂಗಿಯ ಮೇಲೆ ಪ್ಲೇಟುಗಳು. ಅತ್ತಿಗೆ ಅವನ್ನು ಸೀಗೆಪುಡಿ ಹಾಕಿ ತೊಳೆದು, ಅರಿಶಿನ ಕುಂಕುಮ ಹಚ್ಚಿದ್ದರು.

"ಹೊಸಾವು ಅಲ್ವಾ, ಅವ್ರಿಗೇ ಅಂತ ನೀನು ತಂದಿದ್ದೀಯ ಅಂದ್ಕಂಡೆ. ಒಳ್ಳೆ ಜಿಡ್ಡಲ್ಲಿ ಅದ್ದಿಟ್ಟಿದ್ದೀಯಲ್ಲಪ್ಪ," ಎಂದರು.

ಎಡೆಗೆ ಇಟ್ಟದ್ದನ್ನು ತೆಗೆಯುವ ಹಾಗಿಲ್ಲ. ತೆಗೆದರೂ ನೀರು ಕುಡಿದ ಪ್ಲೇಟು ಕೆಲಸಕ್ಕೆ ಬಾರದು. ಹೊರಗೆ ಬಂದು ಅಣ್ಣನ ಹಳೆಯ ಪ್ಲೇಟುಗಳನ್ನೇ ಎತ್ತಿಕೊಂಡೆ. ಗಾಜಿನ ಮೇಲೆ ಉಪ್ಪುಕಾಗದ ಹಾಸಿ, ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಆಯಿಲ್ ಸವರಿ ಜೋಡಿಸಿದೆ. ಮೊದಲು ವಾಷರುಗಳನ್ನು ಬಿಟ್ಟೇ ಹಾಕಿದ್ದೆ. ಅಷ್ಟು ಬಿಗಿ ನನ್ನ ಕೈಗೆ ಆಗದು. ಆಮೇಲೆ ಮನಸ್ಸು ತಡೆಯಲಿಲ್ಲ. ಮತ್ತೆ ಬಿಚ್ಚಿ ಅವನ್ನೂ ಹಾಕಿದೆ.

ಹಿರಿಯರು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತಾಗ ಬೈಕ್ ತೆಗೆದೆ. ಕ್ಲಚ್ ಹಿಡಿದು ಗೇರ್ ಹಾಕಿದೆ. ಬಿಟ್ಟೆ. ಒಂದಿಷ್ಟೂ ಜಾರಲಿಲ್ಲ. ಮುಂದಿನ ಚಕ್ರ ನೆಲ ಬಿಟ್ಟಿತು, ನಾಲೆ ಏರಿಯ ರಸ್ತೆ ಒಮ್ಮೆಲೇ ನನ್ನ ಕಡೆಗೆ ನುಗ್ಗಿತು. ಹೆಲ್ಮೆಟ್ಟಿನೊಳಗೆ ಜೋರಾಗಿ ನಕ್ಕುಬಿಟ್ಟೆ.

ವಾಪಸ್ಸು ಬಂದು ನಿಲ್ಲಿಸಿದಾಗ ಹೆಲ್ಮೆಟ್ ತೆಗೆಯಲು ಧೈರ್ಯವಾಗಲಿಲ್ಲ. ಅಣ್ಣನ ಎಡೆಯ ದಿನ ಆ ಮುಖ ತೋರಿಸುವುದು ಹೇಗೆ? ಅತ್ತಿಗೆ ಹತ್ತಿರ ಬಂದರು.

"ಎಂಗೋಯ್ತು?"

"ಸುಮಾರಾಗಿತ್ತು ಅತ್ಗೆ," ಎಂದೆ.



"ಅವ್ರೂ ಅಂಗೇ ಅಂತಿದ್ರು. ಚೆಂದಾಗಿ ಓಡಿದ ದಿನ," ಎಂದು ಹೇಳಿ ಅತ್ತಿಗೆ ಬಾಗಿಲು ತೆಗೆಯಲು ಹೋದರು.