ಮುಚ್ಚಿಟ್ಟ ವಿಹಾರ ನೋಡಲು ಹೋಗಿ

ಬೆಳಗ್ಗೆ ಮಂಡ್ಯದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ ತಿಂದು ಮಳವಳ್ಳಿ ಬಸ್ಸು ಹತ್ತಿದೆ. ಆಧಾರ್ ತೋರಿಸಿ ಫ್ರೀ ಟಿಕೆಟ್ ಪಡೆದದ್ದೇ ತಡ, ಪಕ್ಕದ ಸೀಟಿನ ಯಜಮಾನರೊಬ್ಬರು, "ಫ್ರೀ ಬಸ್ಸು ಬುಟ್ಟಿದ್ದೇ ಬುಟ್ಟಿದ್ದು, ಎಂಗಸ್ರೆಲ್ಲಾ ಊರ್ ಸುತ್ತಕ್ಕೆ ಒಂಟವ್ರೆ" ಎಂದರು.

"ಹೌದು, ಸುತ್ತೋಕೇ ಹೊರಟಿದ್ದೀನಿ. ಕೆಲಸದಲ್ಲಿ ಇದ್ದಷ್ಟು ವರ್ಷವೂ ಮಕ್ಕಳಿಗೆ ಬುದ್ಧನ ಪಾಠ ಮಾಡಿದವಳು ನಾನು. ನಮ್ಮ ಜಿಲ್ಲೆಯಲ್ಲೇ ಭಿಕ್ಷುಗಳಿದ್ದ ಜಾಗ ಸಿಕ್ಕಿದೆ, ನೋಡದೆ ಸಾಯೋದಿಲ್ಲ" ಎಂದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಬೆಳಕವಾಡಿಯಲ್ಲಿ ಇಳಿದು, ಆಟೋ ಹಿಡಿದು ಆ ಜಾಗವಿದ್ದ ಹೊಲ ತಲುಪಿದೆ. ಹಿಂದಿನ ಬೇಸಿಗೆಯಲ್ಲಿ ಪುರಾತತ್ವದವರು ಇಲ್ಲಿ ಅಗೆದಾಗ ಸಾಲು ಕೋಣೆಗಳ ಇಟ್ಟಿಗೆ ಗೋಡೆ, ಅಂಗೈಯಲ್ಲಿ ಹಿಡಿಯುವಂಥ ಮಣ್ಣಿನ ಸ್ತೂಪ ಸಿಕ್ಕಿದ್ದವು. ಸಾವಿರ ವರ್ಷಕ್ಕೂ ಹಿಂದಿನ ಬೌದ್ಧ ವಿಹಾರ ಎಂದಿದ್ದರು. ನನಗೆ ಕಂಡದ್ದು ಬರೀ ಗರಿಕೆ. ಅಳತೆ ತೆಗೆದು, ಫೋಟೊ ಹಿಡಿದು, ಮತ್ತೆ ಮಣ್ಣು ಮುಚ್ಚಿ ಹೋಗಿದ್ದರು. ಬಿಸಿಲು ಮಳೆಗೆ ಬಿಟ್ಟರೆ ಹಳೇ ಇಟ್ಟಿಗೆ ಉಳಿಯುವುದಿಲ್ಲ, ಹಾಗೆ ಮುಚ್ಚುವುದೇ ಕ್ರಮ. ಕ್ರಮ ಗೊತ್ತಿದ್ದೂ, ಇಲ್ಲಿ ಆಗಲೇ ಮುಚ್ಚಿದ್ದಾರೆಂದು ತಿಳಿಯದೆ ಬಂದಿದ್ದ ನನಗೆ ಅಳು ಬಂತು.

ಪಕ್ಕದಲ್ಲಿ ಜೆಸಿಬಿ ನಿಂತಿತ್ತು. ತರಿಸಿದವನು ಶಿವಲಿಂಗು. ಅವನನ್ನು ತಡೆದು ನಿಂತಿದ್ದವರು ಅವನ ಅತ್ತಿಗೆ, ಹೊಲದ ಒಡತಿ ಪುಟ್ಟತಾಯಮ್ಮ.

"ಬಂಗಾರ ತಕ್ಕಂಡು ಮಣ್ಣು ಮುಚ್ಚವ್ರೆ ಅತ್ಗೆ. ಏನ್ ಉಳ್ಸವ್ರೋ ನೋಡೇಬುಡನ."

"ಬಂಗಾರಾನೂ ಇಲ್ಲ ಗಿಂಗಾರಾನೂ ಇಲ್ಲ ಕಣ್ಲಾ. ಯಾರ್ಗೂ ಮುಟ್ಟಕ್ ಬುಡಕಿಲ್ಲ ಅಂತ ಅವರ್ಗೆ ಮಾತು ಕೊಟ್ಟಿವ್ನಿ."

ಅವನು ನನ್ನ ಕಡೆ ತಿರುಗಿದ. "ಮೇಡಮ್ಮೋರೆ, ನೀವೂ ನೋಡಕ್ಕೇ ತಾನೆ ಬಂದಿರಾದು? ಒಂದ್ ಗಳಿಗೇಲಿ ತಗ್ಸಿ ತೋರುಸ್ಬುಡ್ತೀನಿ."

ಸುಳ್ಳೇಕೆ ಹೇಳಲಿ, ಆಸೆಯಾಯಿತು. ಒಂದೇ ಒಂದು ಕೋಣೆಯ ಹೊಸಿಲು ಕಂಡಿದ್ದರೆ ಸಾಕಿತ್ತು. ಆದರೆ ಜೆಸಿಬಿಯ ಹಲ್ಲಿಗೆ ಮಣ್ಣೂ ಒಂದೇ, ಗೋಡೆಯೂ ಒಂದೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗರಿಕೆಯ ಮೇಲೆ ಕೂತೇಬಿಟ್ಟೆ. ಪುಟ್ಟತಾಯಮ್ಮ ಪಕ್ಕಕ್ಕೆ ಬಂದು ಕೂತರು.

"ಈಗ ನಮ್ ಮ್ಯಾಕೆ ಬುಡ್ಲಾ ನಿನ್ ಜೆಸಿಬೀಯ."

ಶಿವಲಿಂಗು ಬೈದ, ಬೇಡಿಕೊಂಡ. ನಾವು ಏಳಲಿಲ್ಲ. ನಾನು ಕೂತಲ್ಲಿಂದಲೇ ಪುರಾತತ್ವ ಕಚೇರಿಗೆ ಫೋನು ಮಾಡಿ ದೂರು ಕೊಟ್ಟೆ. ಪುಟ್ಟತಾಯಮ್ಮ ಸೊಸೆಗೆ ಫೋನು ಮಾಡಿದರು, ಮುದ್ದೆ ಉಪ್ಸಾರು ಅಲ್ಲಿಗೇ ಬಂತು. ನಾವು ಕೈ ತೊಳೆಯುವ ಹೊತ್ತಿಗೆ ಡ್ರೈವರನೇ ಸೋತ. "ಎಂಗಸ್ರ ಮ್ಯಾಕೆ ಗಾಡಿ ಅತ್ಸಕ್ಕಾಯ್ತದಾ ಅಣ್ಣ? ನಾನು ಓಯ್ತೀನಿ" ಎಂದು ಜೆಸಿಬಿ ತಿರುಗಿಸಿದ.

"ನಾಳೀಕೆ ಬೇರೇದ ತತ್ತೀನಿ" ಎಂದು ಶಿವಲಿಂಗು ಗುಡುಗಿದ.

"ತತ್ತಾ. ನಾಳೀಕೂ ಕೂತ್ಕತೀನಿ."

ಸಂಜೆ ಮಂಡ್ಯದಲ್ಲಿ ಇಳಿದು ಮನೆಯ ಬೀಗ ತೆಗೆಯುತ್ತಿದ್ದಾಗ ಎದುರು ಮನೆಯ ಸಾವಿತ್ರಿ, "ಏನ್ ನೋಡ್ಕಂಡ್ ಬಂದ್ರಿ ಟೀಚರಮ್ಮ?" ಎಂದಳು.

"ಏನೂ ನೋಡಲಿಲ್ಲ. ಬೇರೆಯವರಿಗೂ ನೋಡೋಕೆ ಬಿಡಲಿಲ್ಲ. ನಾಳೆ ಬುತ್ತಿ ಕಟ್ಟಿಕೊಂಡು ಮತ್ತೆ ಹೋಗ್ತೀನಿ, ಬರ್ತೀಯಾ?"