ಟೈಲರು ಗಾರ್ಡ್ ದಾಟಿದ್ದು

ಟೈಲರು ಮೇಲಿನ ಮಹಡಿಗೆ ಮೊದಲ ಸಲ ಹತ್ತಿದ್ದು ಜಗಳ ಆಡುವುದಕ್ಕೆ. ಅವರ ಅಂಗಡಿಯ ನೆತ್ತಿಯ ಮೇಲೆಯೇ ಜುಜಿತ್ಸು ಎಂಬ ಜಪಾನಿ ಕುಸ್ತಿಯ ತರಗತಿ ಶುರುವಾಗಿತ್ತು. ಸಂಜೆಯಾದರೆ ಸಾಕು, ಯಾರೋ ಮೂಟೆ ಎತ್ತಿ ಒಗೆದ ಹಾಗೆ ಧಡ್, ಧಡ್. ಅಂಥದ್ದೊಂದು ಧಡ್‌ಗೆ ಸೂಜಿ ಕಾಜ ಬಿಟ್ಟು ಅವರ ಹೆಬ್ಬೆರಳಿಗೆ ಇಳಿಯಿತು. ಕತ್ತರಿ ಹಿಡಿದೇ ಮೆಟ್ಟಿಲು ಹತ್ತಿದವರು, ಒಂದು ಗಂಟೆ ಬಿಟ್ಟು ಹೆಸರು ಬರೆಸಿ ಇಳಿದು ಬಂದರು.

"ಜಗಳಕ್ಕೆ ಹೋಗಿದ್ರಲ್ಲ, ಏನಾಯ್ತು?" ಪಕ್ಕದ ಮಷೀನಿನಲ್ಲಿ ಕೂತಿದ್ದ ಹೆಂಡತಿ ಕೇಳಿದಳು.

"ಅಲ್ಲಿ ಅದನ್ನೇ ಕ್ರಮವಾಗಿ ಕಲಿಸ್ತಾರಂತೆ."

ಆಗ ಅವರಿಗೆ ನಲವತ್ತೇಳು. ಹೊಟ್ಟೆ ಅವರಿಗಿಂತ ಹತ್ತು ನಿಮಿಷ ಮೊದಲೇ ಮಹಡಿ ತಲುಪುತ್ತಿತ್ತು.

ಈ ವಿದ್ಯೆಯಲ್ಲಿ ಗಾರ್ಡ್ ಅಂದರೆ ಕಾವಲು ಅಲ್ಲ, ಕಾಲು. ಅಂಗಾತ ಮಲಗಿದವನು ಎರಡೂ ಕಾಲುಗಳನ್ನು ಕೋಟೆ ಬಾಗಿಲಿನ ಹಾಗೆ ಅಡ್ಡ ಇಟ್ಟಿರುತ್ತಾನೆ. ಎದುರಿನವನು ಅದನ್ನು ದಾಟಿ, ಪಕ್ಕದಿಂದ ನುಗ್ಗಿ, ಎದೆಗೆ ಎದೆ ಒತ್ತಿ ಮೂರು ಎಣಿಸುವವರೆಗೆ ಹಿಡಿದಿಟ್ಟರೆ ಗಾರ್ಡ್ ಪಾಸು. ಎಂಟು ತಿಂಗಳಲ್ಲಿ ಟೈಲರು ಒಂದೇ ಒಂದು ಗಾರ್ಡನ್ನೂ ದಾಟಿರಲಿಲ್ಲ. ದಿನವೂ ಅವರ ಪಾಲಿಗೆ ಬರುತ್ತಿದ್ದ ಕೋಟೆ ಹಲ್ಲಿನ ಡಾಕ್ಟರದು. ಕೊಕ್ಕರೆ ಕಾಲಿನ ಆಸಾಮಿ. ಅವನ ಪ್ಯಾಂಟಿಗೆ ಬೇಕಾದ ಬಟ್ಟೆಯಲ್ಲಿ ಇನ್ನೊಬ್ಬನಿಗೆ ಒಂದು ಚಡ್ಡಿಯೂ ಆದೀತು ಎಂದು ಟೈಲರು ಲೆಕ್ಕ ಹಾಕಿದ್ದರು.

ಕಲಿಸುವ ಮೇಡಂ ಹೇಳಿಕೊಟ್ಟ ಉಪಾಯ ಸರಳ. ಮೊಣಕಾಲಿನ ಹತ್ತಿರ ಎರಡೂ ಕಡೆ ಪ್ಯಾಂಟು ಹಿಡಿ, ಕಾಲುಗಳನ್ನು ಒಂದು ಪಕ್ಕಕ್ಕೆ ಎಸೆ, ಇನ್ನೊಂದು ಪಕ್ಕದಿಂದ ನುಗ್ಗು. ಗಿರಾಕಿಗಳ ಕಾಲ ಬುಡದಲ್ಲಿ ಮಂಡಿಯೂರಿ ಮೂವತ್ತು ವರ್ಷ ಕಳೆದ ಟೈಲರಿಗೆ ಮಂಡಿಯ ಕೆಲಸ ನೀರು ಕುಡಿದಷ್ಟು ಸಲೀಸು. ತೊಂದರೆ ಇದ್ದದ್ದು ಕೈಯಲ್ಲಿ. ಪ್ಯಾಂಟು ಕಂಡರೆ ಆ ಕೈ ಎರಡೇ ಬೆರಳಲ್ಲಿ ಮೆತ್ತಗೆ ಹಿಡಿದು, ಸುಕ್ಕು ತೀಡಿ, ಪಟ್ಟಿ ಸರಿಮಾಡುತ್ತಿತ್ತು.

"ಟೈಲರ್, ಗಾರ್ಡ್ ಪಾಸ್ ಮಾಡ್ತಿದ್ದೀರೋ, ಅಳತೆ ತಗೋತಿದ್ದೀರೋ?"

"ಮೇಡಂ, ಬಟ್ಟೆ..."

"ಬಟ್ಟೆಗೇನೂ ನೋವಾಗಲ್ಲ. ಮುಷ್ಟಿ ತುಂಬ ಹಿಡೀರಿ!"

ಒಂದು ಬುಧವಾರ ಹಿಡಿದೇಬಿಟ್ಟರು. ಕೊಕ್ಕರೆ ಕಾಲುಗಳು ಪಕ್ಕಕ್ಕೆ ಹಾರಿದವು, ಕೋಟೆ ಬಾಗಿಲು ತೆರೆಯಿತು, ಒಂದು ಗೇಣು ಮುಂದೆ ಹೋದರೆ ಜಯಭೇರಿ. ಅಷ್ಟರಲ್ಲಿ ಡಾಕ್ಟರ ಪ್ಯಾಂಟಿನ ಹಿಂಬದಿ "ಟರ್" ಎಂದು ಹರಿಯಿತು.

"ಅಯ್ಯೋ, ಸೀಟು!" ಎಂದು ಟೈಲರು ಎರಡೂ ಕೈ ಬಿಟ್ಟರು. ಮರುಕ್ಷಣ ಅವರೇ ಅಂಗಾತ ಬಿದ್ದು ಸೂರು ನೋಡುತ್ತಿದ್ದರು. ತೋರುಬೆರಳು ಉಳುಕಿತ್ತು.

"ಗೆಲ್ಲೋದು ಬಿಟ್ಟು ನನ್ನ ಪ್ಯಾಂಟಿಗೆ ಮರುಗಿದ್ರಲ್ಲ ಟೈಲರಣ್ಣ!"

"ಯಾವನಪ್ಪ ಇದನ್ನ ಹೊಲಿದವನು? ಒಂಟಿ ಹೊಲಿಗೆ! ಕೊಡಿ ಇಲ್ಲಿ, ರಿಪೇರಿ ಮಾಡಿಕೊಡ್ತೀನಿ."

ಮಾತೇನೋ ಕೊಟ್ಟರು, ಆದರೆ ಉಳುಕಿದ ಬೆರಳು ಸೂಜಿ ಹಿಡಿಯಲು ಬಿಡಲಿಲ್ಲ. ಅದನ್ನು ನೋಡಿ ಹೆಂಡತಿಯ ತಾಳ್ಮೆ ಕೆಟ್ಟಿತು.

"ರೀ, ಎಂಟು ತಿಂಗಳಲ್ಲಿ ಒಬ್ಬರನ್ನಾದರೂ ದಾಟಿದ್ರಾ? ಅಂಗಡಿ ತುಂಬ ಬಟ್ಟೆ, ನಿಮ್ಮ ಕೈ ತುಂಬ ಬ್ಯಾಂಡೇಜು. ಈ ಭಾನುವಾರ ಕೊನೆ. ಆಗ್ಲಿಲ್ವಾ, ಆ ಕ್ಲಾಸಿನ ಬಿಳಿ ಡ್ರೆಸ್ಸು ಕತ್ತರಿಸಿ ನೆಲ ಒರೆಸ್ತೀನಿ."

ಟೈಲರು "ಹೂಂ" ಅಂದರು. ಅಂದಮೇಲೆ ಊಟ ಸೇರಲಿಲ್ಲ. ಮೂವತ್ತು ವರ್ಷ ಕಂಡವರ ಅಳತೆಗೆ ಬಟ್ಟೆ ಕತ್ತರಿಸಿದ ಮನುಷ್ಯ. ತನ್ನ ಅಳತೆಗೆ ಸಿಕ್ಕಿದ್ದು ಮಹಡಿಯ ಮೇಲಿನ ಆ ಆಟವೊಂದೇ.

ಭಾನುವಾರ ಬೆಳಿಗ್ಗೆ ಡಾಕ್ಟರ ಪ್ಯಾಂಟು ಮಡಿಸಿ, ಪೇಪರು ಸುತ್ತಿ ರೆಡಿಯಾಗಿತ್ತು. ಬಿಚ್ಚಿ ನೋಡುವ ಮನಸ್ಸಿಲ್ಲದೆ ಟೈಲರು ಹಾಗೇ ತೆಗೆದುಕೊಂಡು ಹೋಗಿ ಕೊಟ್ಟರು. ಡಾಕ್ಟರ್ ಅದನ್ನೇ ಹಾಕಿಕೊಂಡು ಮಲಗಿದ.

ಐದು ನಿಮಿಷದ ಆಟ. ನಾಲ್ಕು ನಿಮಿಷ ಟೈಲರು ಕೋಟೆಗೆ ಪ್ರದಕ್ಷಿಣೆ ಹಾಕುವುದರಲ್ಲೇ ಕಳೆದರು. ಕೊನೆಗೆ ಮೊಣಕಾಲಿನ ಹತ್ತಿರ ಕೈ ಇಟ್ಟರೆ, ಹೆಬ್ಬೆರಳಿಗೆ ಏನೋ ದಪ್ಪಗೆ ತಗುಲಿತು. ಹೊಲಿಗೆ. ಒಂದಲ್ಲ, ಮೂರು ಸಾಲು. ತುದಿಯಲ್ಲಿ ನೂಲು ಹಿಂದಕ್ಕೆ ತಿರುಗಿಸಿ ಹಾಕಿದ ಸಾಸಿವೆ ಗಾತ್ರದ ಗಂಟು. ಅಂಥ ಗಂಟು ಹಾಕುವವರು ಅವರಿಗೆ ಗೊತ್ತಿದ್ದಂತೆ ಒಬ್ಬಳೇ. ಆ ಗಂಟು ಬಿಚ್ಚಲು ಟೈಲರೇ ಬ್ಲೇಡು ಹಿಡಿದು ಅರ್ಧ ದಿನ ಬೈದುಕೊಂಡದ್ದುಂಟು.

ಮುಷ್ಟಿ ತುಂಬ ಹಿಡಿದರು.

"ಅಣ್ಣಾ, ಪ್ಯಾಂಟು!" ಎಂದು ಡಾಕ್ಟರ್ ಕೂಗಿದ. ಅದು ಭಯವೋ, ಕುಯುಕ್ತಿಯೋ!

"ಹರಿಯಲ್ಲ ಕಣಪ್ಪಾ!" ಎಂದು ಗರ್ಜಿಸಿ ಟೈಲರು ಎರಡು ಕಾಲನ್ನೂ ಹಳೇ ಪರದೆಯ ಹಾಗೆ ಪಕ್ಕಕ್ಕೆ ಒಗೆದು, ಸುತ್ತಿ ಬಂದು, ಹೊಟ್ಟೆ ಸಮೇತ ಅವನ ಎದೆಯ ಮೇಲೆ ಕುಸಿದರು. ಮೇಡಂ ನಂಬಿಕೆ ಬಾರದೆ ಮೂರರ ಬದಲು ನಾಲ್ಕು ಎಣಿಸಿದರು.

"ಪಾಸಾಯ್ತಲ್ಲ, ಇಳೀರಣ್ಣ," ಎಂದು ಕೆಳಗಿನಿಂದ ಸಣ್ಣ ದನಿ ಬಂತು.

ಟೈಲರು ಬಿಳಿ ಡ್ರೆಸ್ಸಿನಲ್ಲೇ ಅಂಗಡಿಗೆ ಇಳಿದರು. "ದಾಟಿದೆ."

"ಗೊತ್ತಾಯ್ತು. ಸೂರಿನಿಂದ ಗಾರೆ ಉದುರ್ತು."

"ಅಲ್ಲಾ, ಹರಿದಿದ್ದು ಸೀಟು. ಮೊಣಕಾಲಿಗೆ ಯಾಕೆ ಮೂರು ಸಾಲು ಹೊಡೆದೆ?"

"ಗಿರಾಕಿ ಬಟ್ಟೆ. ಅಂಗಡಿ ಹೆಸರು ಕೆಡಬಾರದಲ್ಲ," ಎಂದು ಅವಳು ಮಷೀನು ಜೋರಾಗಿ ತುಳಿದಳು. ಆಮೇಲೆ ನಿಲ್ಲಿಸಿ ಕೈ ಚಾಚಿದಳು. "ಆ ಡ್ರೆಸ್ಸು ಬಿಚ್ಚಿ ಕೊಡಿ ಇಲ್ಲಿ."

ಟೈಲರು ಎರಡೂ ಕೈಯಲ್ಲಿ ಪ್ಯಾಂಟು ಭದ್ರವಾಗಿ ಹಿಡಿದುಕೊಂಡರು.

"ಕತ್ತರಿಸಲ್ಲ ರೀ. ಸೊಂಟ ಎರಡಿಂಚು ಒಳಗೆ ಹಿಡೀಬೇಕು. ಜಾರ್ತಿದೆ, ನೋಡಿಕೊಂಡಿದ್ದೀರಾ?"