ಜೆಲಿಂಡಾ ಮುಚ್ಚಿಟ್ಟ ಕಿಟಕಿಗಳು

ಇಟಲಿಯ ಪೋ ನದಿ ಕಡಲು ಸೇರುವ ಆ ಜವುಗು ಸೀಮೆಯಲ್ಲಿ ಸೊಳ್ಳೆಗೆ ಯಾರೂ ಹೆದರುವುದಿಲ್ಲ, ಬೈದು ಸುಮ್ಮನಾಗುತ್ತಾರೆ. ಬಂದರಿನ ಶೆಡ್ಡಿನಲ್ಲಿ ಚಿಪ್ಪುಮೀನು ಆರಿಸಿ ಬೆರಳು ಗಂಟುಗಟ್ಟಿದ್ದ ಜೆಲಿಂಡಾಳೂ ಹಾಗೆಯೇ ಇದ್ದಳು. ಅವಳ ಭಯವೆಲ್ಲ ಲಾರಿಗಳ ಮೇಲೆ. ಮೊದಲ ಬೆಕ್ಕು ಏರಿಯ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ ಮೇಲೆ, ಆಮೇಲೆ ತಂದ ಬೂದು ಬಣ್ಣದ ಬೆಕ್ಕು ಫುಮೊನನ್ನು ಮರಿಯಿಂದಲೂ ಹೊಸ್ತಿಲು ದಾಟಿಸಿರಲಿಲ್ಲ, ಕಿಟಕಿಗಳನ್ನೂ ಮುಚ್ಚಿಯೇ ಇಡುತ್ತಿದ್ದಳು.

"ಬೆಕ್ಕನ್ನ ಸನ್ಯಾಸಿನಿಯರ ಮಠಕ್ಕೆ ಸೇರಿಸ್ಬಿಟ್ಟಿದೀಯಲ್ಲೆ," ಎಂದು ಪಕ್ಕದ ಮನೆಯ ಇನೆಸ್ ಅಣಕಿಸುತ್ತಿದ್ದಳು. ಇನೆಸ್ ತನ್ನ ನಾಯಿಗೆ ತಿಂಗಳಿಗೊಮ್ಮೆ ಹೃದಯದ ಹುಳು ಬಾರದಂತೆ ಮಾತ್ರೆ ತಿನ್ನಿಸುವುದನ್ನು ಜೆಲಿಂಡಾ ನೋಡಿದ್ದಳು. ಅದು ನಾಯಿಗಳ ಕಾಯಿಲೆ ಎಂದೇ ಅವಳು ತಿಳಿದಿದ್ದಳು.

ಆ ಚಳಿಗಾಲದಲ್ಲಿ ಫುಮೊ ಕುತ್ತಿಗೆ ಚಾಚಿ ಕೆಮ್ಮತೊಡಗಿದ. ಹೊಟ್ಟೆಗೆ ಹೋದ ಕೂದಲು ಹೊರಬರುತ್ತಿಲ್ಲ ಎಂದುಕೊಂಡಳು. ಅವನು ಊಟ ಬಿಟ್ಟಾಗ ಎದೆಗವಚಿಕೊಂಡು ಪಶುವೈದ್ಯೆ ನೀವೆಸ್ ಬಳಿ ಓಡಿದಳು. ರಕ್ತ, ಎಕ್ಸ್‌ರೇ ಎಲ್ಲ ನೋಡಿ ನೀವೆಸ್ ಹೇಳಿದಳು: "ಹೃದಯದ ಹುಳು. ಸೊಳ್ಳೆಯಿಂದ ಬಂದಿದೆ."

"ಹೊರಗೇ ಬಿಟ್ಟಿಲ್ವಲ್ಲ ಡಾಕ್ಟರೇ."

"ಇವನು ಹೊರಗೆ ಹೋಗಿಲ್ಲ. ಸೊಳ್ಳೆ ಒಳಗೆ ಬಂದಿದೆ."

"ಹುಳ ಸಾಯೋಕೆ ಔಷಧಿ ಕೊಡಿ ಮತ್ತೆ."

"ನಾಯಿಗಾದ್ರೆ ಕೊಡ್ತಿದ್ದೆ. ಬೆಕ್ಕಿನೊಳಗೆ ಹುಳ ಸತ್ರೆ ಅದೇ ಶ್ವಾಸಕೋಶಕ್ಕೆ ಸಿಕ್ಕಿ ಪ್ರಾಣ ತೆಗೀಬಹುದು. ಉಸಿರಾಟ ಸಲೀಸಾಗೋಕೆ ಮಾತ್ರೆ ಕೊಡ್ತೀನಿ, ಕಾಯೋಣ."

ಮನೆಗೆ ಬಂದವಳು ಗಂಡ ಆಲ್ವಿಸೆಯ ಮೇಲೆ ಮುಗಿಬಿದ್ದಳು. ಸಂಜೆ ಸಿಗರೇಟು ಸೇದಲು ಅವನು ಬಾಲ್ಕನಿಯ ಬಾಗಿಲು ತೆರೆದಿಡುತ್ತಿದ್ದ. "ನೀನೇ ಆ ಸೊಳ್ಳೇನ ಒಳಗೆ ಕರ್ಕೊಂಡು ಬಂದಿದ್ದು," ಎಂದಳು. ಮರುದಿನ ಅವನು ಬಾಲ್ಕನಿಯ ಬಾಗಿಲಿಗೂ ಕಿಟಕಿಗಳಿಗೂ ಜಾಲರಿ ಬಡಿದ. ಅವಳು ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ, ಅವನೊಡನೆ ಮಾತೇ ಬಿಟ್ಟಳು.

ಫುಮೊ ಕೊಂಚ ಚೇತರಿಸಿಕೊಂಡ, ಮೀನೂ ತಿಂದ. ಒಂದು ಬೆಳಿಗ್ಗೆ ಅಡುಗೆಮನೆಯ ಕುರ್ಚಿಯಿಂದ ಇಳಿದವನು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅಡ್ಡಬಿದ್ದು ಬಾಯಿ ತೆರೆದ. ಆಲ್ವಿಸೆ ಕಾರಿನ ಕೀಲಿ ಹುಡುಕಿ ತರುವುದರೊಳಗೆ ಎಲ್ಲ ಮುಗಿದಿತ್ತು.

ವಸಂತದಲ್ಲಿ ಆಲ್ವಿಸೆ ಬಂದರಿನಿಂದ ಬಡಕಲು ಬೆಕ್ಕೊಂದನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದ. ಜೆಲಿಂಡಾ ಬೇಡವೆನ್ನಲಿಲ್ಲ, ಮುಟ್ಟಲೂ ಇಲ್ಲ. ನೀವೆಸ್ ಬೆಕ್ಕನ್ನು ಪರೀಕ್ಷಿಸಿ, ಕತ್ತಿನ ಹಿಂದೆ, ನಾಲಿಗೆಗೆ ಎಟುಕದ ಜಾಗದಲ್ಲಿ, ತಿಂಗಳಿಗೊಮ್ಮೆ ಹಾಕುವ ಹನಿ ಔಷಧಿಯ ಪುಟ್ಟ ಕೊಳವೆ ಕೊಟ್ಟಳು. "ಹೊಸದಾಗಿ ಹೊಕ್ಕ ಮರಿಹುಳಾನ ಇದು ದೊಡ್ಡದಾಗೋಕೆ ಬಿಡಲ್ಲ. ಒಂದು ತಿಂಗಳೂ ತಪ್ಪಿಸ್ಬೇಡಿ."

"ಒಳಗೆ ಹಳೇ ಹುಳ ಇದ್ರೆ?" ಎಂದು ಜೆಲಿಂಡಾ ಕೇಳಿದಳು.

"ಪರೀಕ್ಷೇಲಿ ಏನೂ ಕಂಡಿಲ್ಲ. ಆದ್ರೆ ಬೆಕ್ಕಿನ ವಿಷ್ಯದಲ್ಲಿ ಪೂರ್ತಿ ಹೇಳೋಕಾಗಲ್ಲ."

ಮೊದಲ ಸಲ ಜೆಲಿಂಡಾ ಹಾಕಿದ ಹನಿ ಕೂದಲ ಮೇಲೆಯೇ ನಿಂತಿತು. ಆಲ್ವಿಸೆ ಬೆಕ್ಕನ್ನು ತೊಡೆಯ ಮೇಲೆ ಹಿಡಿದು, ಕೂದಲು ಬಿಡಿಸಿ ಚರ್ಮ ತೋರಿಸಿದ. "ಇಲ್ಲಿ ಹಾಕು," ಎಂದ. ಎಷ್ಟೋ ವಾರಗಳ ನಂತರ ಅವಳು ಅವನಿಗೆ ಉತ್ತರ ಕೊಟ್ಟಳು: "ಅಲ್ಲಾಡಿಸ್ಬೇಡ, ಸರಿಯಾಗಿ ಹಿಡ್ಕೊ."

ಬಂದರಿನ ಬೆಕ್ಕುಗಳಿಗೆ ಊಟ ಹಾಕುವವರ ಬಳಿಯೂ ಹೋಗಿ ಈ ಹುಳುವಿನ, ಹನಿಯ ವಿಷಯ ಹೇಳಿದಳು. ಕೆಲವರು ಕೇಳಿದರು, ಕೆಲವರು ನಕ್ಕರು. ಈಗಲೂ ಬೆಕ್ಕು ಒಂದು ಸಲ ಕೆಮ್ಮಿದರೆ ಗಂಡಹೆಂಡಿರಿಬ್ಬರೂ ಕೈಯಲ್ಲಿದ್ದ ಕೆಲಸ ಬಿಟ್ಟು, ಇನ್ನೊಮ್ಮೆ ಕೆಮ್ಮುತ್ತದೆಯೇ ಎಂದು ಉಸಿರು ಬಿಗಿಹಿಡಿದು ಕಾಯುತ್ತಾರೆ.